ದವಡೆಯ ತುದಿ

"ಮೇಡಂ, ಒಂಚೂರು ಪಕ್ಕಕ್ಕೆ ಬರ್ತೀರಾ? ನಿಮ್ಮ ಮೊಣಕೈ ಫೋಟೋದೊಳಗೆ ಬರ್ತಿದೆ," ಎಂದ ಪತ್ರಿಕೆಯ ಫೋಟೋಗ್ರಾಫರ್.

ಸೂಜಿಯಮ್ಮ ಗೋಡೆಗೆ ಒತ್ತಿ ನಿಂತಳು. ಮೇಜು ಅವಳದು, ಸೂಕ್ಷ್ಮದರ್ಶಕ ಅವಳದು, ಹತ್ತೊಂಬತ್ತು ವರ್ಷ ಕೂತು ಕೂತು ನಡುವೆ ಗುಳಿ ಬಿದ್ದಿದ್ದ ಸ್ಟೂಲೂ ಅವಳದೇ. ಈಗ ಅದರ ಮೇಲೆ ಅವಳ ಓರಗಿತ್ತಿ ಕೂತಿದ್ದಳು, ಗಂಡನ ತಮ್ಮನ ಹೆಂಡತಿ. ಕೈಯಲ್ಲಿ ಸೂಜಿಯಮ್ಮನ ಸೂಜಿ. ಅದನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದಳು.

"ಇದನ್ನ ಕಂಡುಹಿಡಿದಿದ್ದು ನೀವೇ ಅಲ್ವಾ?" ಎಂದು ವರದಿಗಾರ್ತಿ ಕೇಳಿದಳು.

"ಅಯ್ಯೋ, ಹಾಗೇನಿಲ್ಲ. ಇಲ್ಲಿ ಎಲ್ಲರ ಶ್ರಮವೂ ಇದೆ," ಎಂದು ಓರಗಿತ್ತಿ ನಕ್ಕಳು.

ಎಲ್ಲರ ಎಂಬ ಮಾತು ಸೂಜಿಯಮ್ಮನಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಎಲ್ಲರು ಎಂದರೆ ಯಾರು? ಟಿಕೆಟ್ ಹರಿಯುವವನೇ, ನೆಲ ಒರೆಸುವವಳೇ?

ಮ್ಯೂಸಿಯಂನ ನೆಲಮಾಳಿಗೆಯ ಆ ಕೋಣೆಯಲ್ಲಿ ಕಲ್ಲಿನೊಳಗಿಂದ ಮೂಳೆ ಬಿಡಿಸುವುದು ಅವಳ ಕೆಲಸ. ಅದಕ್ಕೇ ಆ ಅಡ್ಡಹೆಸರು. ಶಾಲೆ ಮುಗಿಸಿ ಟಿಕೆಟ್ ಕಿಟಕಿಗೆ ಸೇರಿಕೊಂಡವಳು. ಅಂಗಿಗೆ ಗುಂಡಿ ಹೊಲಿಯುವಾಗ ಅವಳ ಕೈ ನೋಡಿ ಹಳೆಯ ಕೆಲಸಗಾರರೊಬ್ಬರು ಕೆಳಗೆ ಕರೆದುಕೊಂಡು ಬಂದಿದ್ದರು. ಪತ್ರಿಕೆಯವರು ನೋಡಲು ಬಂದಿದ್ದ ಈ ಕಲ್ಲಂತೂ "ಮೀನಿನ ಹುರುಪೆ" ಎಂಬ ಚೀಟಿ ಹೊತ್ತು ಹನ್ನೊಂದು ವರ್ಷ ಡ್ರಾಯರಿನಲ್ಲಿ ಬಿದ್ದಿತ್ತು. ಅದರ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಕಂಡು ಹೊರಗೆ ತೆಗೆದವಳು ಅವಳು. ಹದಿನಾಲ್ಕು ತಿಂಗಳು ಉಸಿರು ಬಿಗಿಹಿಡಿದು, ಕಣ ಕಣವಾಗಿ ಕಲ್ಲು ಕೆರೆದು ಹೊರಗೆ ತಂದದ್ದು ಇಷ್ಟು: ಕೆಳದವಡೆಯ ಹಿಂದಿನ ಅರ್ಧ, ಬೆನ್ನೆಲುಬಿನ ಎರಡು ಮಣಿ, ತೊಡೆಮೂಳೆಯ ಒಂದು ತುದಿ. ಎಲ್ಲ ಸೇರಿಸಿದರೂ ಒಂದು ಟೀ ಚಮಚ ತುಂಬದು. ಜುರಾಸಿಕ್ ಕಾಲದಲ್ಲಿ, ದೊಡ್ಡ ದೊಡ್ಡ ಪ್ರಾಣಿಗಳ ಕಾಲಡಿಯಲ್ಲಿ, ಹುಳ ಹಿಡಿದು ತಿಂದುಕೊಂಡು ಓಡಾಡುತ್ತಿದ್ದ ಹಲ್ಲಿಯಂಥ ಒಂದು ಜೀವ. ಇಂಥದನ್ನು ಈವರೆಗೆ ಯಾರೂ ನೋಡಿಲ್ಲ, ಇದಕ್ಕೆ ಹೆಸರಿಡಬೇಕು ಎಂದು ಹೇಳಿ ಪ್ರಬಂಧ ಬರೆದವಳು ಮಾತ್ರ ಓರಗಿತ್ತಿ. ಅವಳು ಓದಿದವಳು. ಮ್ಯೂಸಿಯಂನಲ್ಲೂ ಮನೆಯಲ್ಲೂ ಎಲ್ಲರಿಗೂ ಅವಳು ಡಾಕ್ಟರಮ್ಮ.

ಅವಳನ್ನು ಈ ಮನೆಗೆ ತಂದವಳೂ ಸೂಜಿಯಮ್ಮನೇ. ನಾಲ್ಕು ವರ್ಷದ ಹಿಂದೆ ವಿದ್ಯಾರ್ಥಿಯಾಗಿ ಈ ಕೋಣೆಗೆ ಬಂದ ಹುಡುಗಿ, ಊಟದ ಡಬ್ಬಿ ತರದೆ ಬರೀ ಬಿಸ್ಕತ್ತು ತಿನ್ನುತ್ತಾ ಕೂತಿದ್ದನ್ನು ನೋಡಿ, ಪಾಪ ಎನ್ನಿಸಿ, ಮನೆಗೆ ಕರೆದಿದ್ದಳು. ಮೈದುನ ಅಲ್ಲೇ ಇದ್ದ. "ಒಳ್ಳೇ ಹುಡುಗಿ, ನನ್ನ ಕಣ್ಣೆದುರಿಗೇ ಇರ್ತಾಳೆ," ಎಂದು ಅತ್ತೆಯನ್ನು ಒಪ್ಪಿಸಿದವಳೂ ಇವಳೇ. ಬೀದೀಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದು ಈಗ ಸಾರು ಕುದಿಯುವಾಗಲೆಲ್ಲ ಅನ್ನಿಸುತ್ತಿತ್ತು.

ಫೋಟೋದವರು ಮೇಲಕ್ಕೆ ಹೋದರು. ಸೂಜಿಯಮ್ಮ ತನ್ನ ಸ್ಟೂಲನ್ನು ಬಟ್ಟೆಯಿಂದ ಒರೆಸಿ, ಕೂತು, ಜರಡಿಯಲ್ಲಿ ಉಳಿದ ಪುಡಿಯ ತಟ್ಟೆಯನ್ನು ಎಳೆದುಕೊಂಡಳು. ಕಲ್ಲಿನ ಉಳಿದ ಭಾಗವನ್ನು ತೆಳುವಾದ ಆಮ್ಲದಲ್ಲಿ ಕರಗಿಸಿ, ಜರಡಿ ಹಿಡಿದು, ಒಣಗಿಸಿಟ್ಟ ಪುಡಿ ಅದು. ಕಪ್ಪು ತಟ್ಟೆಯ ಮೇಲೆ ಹರಡಿ, ಒದ್ದೆ ಬ್ರಶ್ಶಿನ ತುದಿಯಿಂದ ಕಾಳು ಕಾಳಾಗಿ ಸರಿಸಿ ನೋಡಬೇಕು. ಡಾಕ್ಟರಮ್ಮ ಇದನ್ನು ಆಗಲೇ ಒಂದು ಸಲ ನೋಡಿ ಮುಗಿಸಿದ್ದಳು.

ಮಧ್ಯಾಹ್ನ ಮೂರರ ಸುಮಾರಿಗೆ ಬ್ರಶ್ಶಿಗೆ ಒಂದು ಚೂರು ಅಂಟಿಕೊಂಡು ಬಂತು. ಎಳ್ಳಿಗಿಂತ ದೊಡ್ಡದು, ಅಕ್ಕಿಕಾಳಿಗಿಂತ ಸಣ್ಣದು. ಲೆನ್ಸಿನ ಕೆಳಗಿಟ್ಟಾಗ ಅವಳ ಕತ್ತಿನ ಹಿಂಭಾಗ ಬಿಸಿಯಾಯಿತು. ದವಡೆಯ ತುದಿ. ತೀರಾ ಮುಂದೆ, ಉಳಿಯಂತೆ ಚಪ್ಪಟೆಯಾದ ಒಂದೇ ಒಂದು ದೊಡ್ಡ ಹಲ್ಲು. ಓದದಿದ್ದರೂ ಅವಳಿಗೆ ಗೊತ್ತಿತ್ತು. ಇಂಥ ಹಲ್ಲನ್ನು ಅವಳು ಯಾವ ಚಿತ್ರದಲ್ಲೂ ಯಾವ ಕಲ್ಲಿನಲ್ಲೂ ಕಂಡಿರಲಿಲ್ಲ.

ರೂಢಿಯ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಅಸಿಟೋನಿನಲ್ಲಿ ಕರಗಿಸಿದ ತೆಳು ಅಂಟಿನ ಒಂದು ಹನಿ ಬಿಟ್ಟು ಚೂರನ್ನು ಗಟ್ಟಿ ಮಾಡಿ, ಆರಿದ ಮೇಲೆ ಖಾಲಿ ಕ್ಯಾಪ್ಸೂಲಿನೊಳಗೆ ಇಳಿಸಿದಳು. ಕೂಗಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರಮ್ಮ.

"ಅಕ್ಕ, ಆ ತಟ್ಟೆ ಬಿಡಿ. ಅದ್ರಲ್ಲೇನೂ ಇಲ್ಲ, ನಾನು ನೋಡಿದೀನಿ. ಮೇಲೆ ಎಲ್ಲರಿಗೂ ಕಾಫಿ ಬೇಕಂತೆ, ಕ್ಯಾಂಟೀನಿಗೆ ಸ್ವಲ್ಪ ಹೇಳಿಬಿಡ್ತೀರಾ? ನಾನು ಅವರ ಜೊತೆ ಮಾತಾಡ್ತಿದೀನಿ."

"ಹೇಳ್ತೀನಿ," ಎಂದಳು ಸೂಜಿಯಮ್ಮ. ಕ್ಯಾಪ್ಸೂಲನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿ ಟಪ್ಪನೆ ಮುಚ್ಚಿದಳು. ಅಂದು ಒಂಬತ್ತನೇ ತಾರೀಖು, ಮಂಗಳವಾರ.

ಸಂಜೆ ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದರು. ಕೆಳಮನೆಯಲ್ಲಿ ಹಿರಿಮಗ, ಮಹಡಿಯಲ್ಲಿ ಕಿರಿಮಗ, ಅಡಿಗೆ ಮಾತ್ರ ಒಂದೇ.

"ಪೇಪರಿನಲ್ಲಿ ಬರತ್ತಂತಲ್ಲ ನಿಮ್ಮ ಹಲ್ಲಿ? ಹಲ್ಲಿಗೆ ಹಲ್ಲಿತ್ತೋ ಇಲ್ವೋ ಅಂತ ನೋಡೋದಕ್ಕೆ ನಮ್ಮನೇಲಿ ಇಬ್ಬಿಬ್ಬರು ಸಂಬಳ ತಗೋತಾರೆ," ಎಂದು ನಕ್ಕರು. "ಒಬ್ಬಳು ಡಾಕ್ಟರು, ಒಬ್ಬಳು ಸೂಜಿ. ಆದ್ರೂ ನನ್ನ ಮಂಡಿನೋವಿಗೆ ಮಾತ್ರ ಮದ್ದಿಲ್ಲ."

ಡಾಕ್ಟರಮ್ಮ ಜೋರಾಗಿ ನಕ್ಕಳು. ಸೂಜಿಯಮ್ಮನೂ ನಕ್ಕಳು. ನಾಳೆ ಕೊಡೋಣ ಎಂದುಕೊಂಡಳು. ಮರುದಿನ ಪತ್ರಿಕೆ ಬಂತು. ಚಿತ್ರದ ಎಡ ಅಂಚಿನಲ್ಲಿ, ಕತ್ತರಿಸಿ ಉಳಿದ ಹಾಗೆ, ಅವಳ ನೀಲಿ ಏಪ್ರನ್ನಿನ ಒಂದು ಪಟ್ಟಿ ಕಾಣುತ್ತಿತ್ತು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂದು ಗಂಡನಿಗೆ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ, "ಫೋಟೋ ಚೆನ್ನಾಗಿ ಬಂದಿದೆಯಲ್ಲ," ಎಂದ. ಆ ದಿನವೂ ಕೊಡಲಿಲ್ಲ. ಅದರ ಮರುದಿನವೂ ಇಲ್ಲ.

ಅಚ್ಚಿಗೆಂದು ಕಳಿಸಿದ್ದ ಪ್ರಬಂಧ ಹದಿನೇಳಕ್ಕೆ ವಾಪಸು ಬಂತು.

ಪರಿಶೀಲಿಸಿದವರು ಸಭ್ಯವಾಗಿಯೇ ಬರೆದಿದ್ದರು. ದವಡೆಯ ಮುಂಭಾಗ ಸಿಕ್ಕಿಲ್ಲ; ಇಷ್ಟರ ಮೇಲೆ ಇದನ್ನು ಹೊಸ ಪ್ರಾಣಿ ಎನ್ನುವುದು ಕಷ್ಟ; ಈಗಾಗಲೇ ಹೆಸರಿರುವ ಇನ್ನೊಂದು ಸರೀಸೃಪದ ಮರಿಯೇ ಇದು ಆಗಿರಬಹುದು. ಮ್ಯೂಸಿಯಂನ ನಿರ್ದೇಶಕರು ಡಾಕ್ಟರಮ್ಮನನ್ನು ಕರೆಸಿ, ಪತ್ರಿಕೆಗೆ ಹೇಳಿ ಆಗಿದೆ, ಈಗ ಜನ ನಗುತ್ತಾರೆ ಎಂದರು. ಅವಳ ಹುದ್ದೆ ಇನ್ನೂ ಕಾಯಂ ಆಗಿರಲಿಲ್ಲ. ತಿಂಗಳ ಕೊನೆಗೆ ಅದರ ಸಭೆಯಿತ್ತು.

ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಡಾಕ್ಟರಮ್ಮ ಆ ಪತ್ರವನ್ನು ಮಡಚುತ್ತಾ ಬಿಡಿಸುತ್ತಾ ಇದ್ದಳು. ಸೂಜಿಯಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎದೆಯೊಳಗೆ ಏನೋ ತಣ್ಣಗೆ ಹರಿದಂತೆ, ಬಿರುಬಿಸಿಲಲ್ಲಿ ನಡೆದು ಬಂದು ನೀರು ಕುಡಿದಂತೆ ಆಗುತ್ತಿತ್ತು. ಅದು ಸಂತೋಷವೇ ಎಂದು ಅವಳಿಗೆ ಗೊತ್ತಿತ್ತು. ಎಂಥ ಸಂತೋಷ ಎಂಬುದೂ ಗೊತ್ತಿತ್ತು.

ಮರುದಿನದಿಂದ ಡಾಕ್ಟರಮ್ಮ, ಶನಿವಾರ ಭಾನುವಾರದ ರಜೆ ಬಿಟ್ಟು, ದಿನವೂ ನೆಲಮಾಳಿಗೆಗೆ ಬಂದು ಕೂರತೊಡಗಿದಳು. ಜರಡಿಯ ಪುಡಿಯನ್ನೆಲ್ಲ ಮೊದಲಿನಿಂದ ನೋಡುತ್ತೇನೆ ಎಂದಳು. ಬೀದಿಯ ಮಟ್ಟಕ್ಕೆ ಇದ್ದ ಒಂದೇ ಕಿಟಕಿಯಲ್ಲಿ ದಾರಿಹೋಕರ ಕಾಲುಗಳು ಓಡಾಡುತ್ತಿದ್ದವು. ಅದರ ಕೆಳಗೆ ಕೂತು ಅವಳು ತಟ್ಟೆಯ ಮೇಲೆ ತಟ್ಟೆ ಹರಡಿದಳು. ಬ್ರಶ್ಶನ್ನು ಜಾಸ್ತಿ ಒದ್ದೆ ಮಾಡುತ್ತಿದ್ದಳು, ಪುಡಿ ಮುದ್ದೆಯಾಗುತ್ತಿತ್ತು. ಮೂರು ಮಾರು ದೂರದಲ್ಲಿ ಸೂಜಿಯಮ್ಮ ಬೇರೊಂದು ಕಲ್ಲು ಕೆರೆಯುತ್ತಾ, ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದಳು. ಅವಳ ಲೆಕ್ಕಾಚಾರ ಈಗ ಬಲಿತಿತ್ತು. ಇವಳು ಹುಡುಕಿ ಹುಡುಕಿ ಸೋಲಲಿ. ಸೋತೆ ಎಂದು ನಿರ್ದೇಶಕರ ಎದುರು ಹೇಳಲಿ. ಆಗ ತಾನು ಒಂದು ತಟ್ಟೆ ಎಳೆದುಕೊಂಡು, ಹತ್ತು ನಿಮಿಷದಲ್ಲಿ, ಎಲ್ಲರೂ ನೋಡುತ್ತಿರುವಾಗ ತೆಗೆದು ಕೊಡುತ್ತೇನೆ. ಕಣ್ಣು ಯಾರದು, ಕೈ ಯಾರದು ಗೊತ್ತಾಗಲಿ.

ಮೊದಲ ಎರಡು ದಿನ ಆ ಯೋಚನೆಗೆ ಬೆಲ್ಲದ ರುಚಿಯಿತ್ತು. ಮೂರನೆಯ ದಿನಕ್ಕೆ ಡಾಕ್ಟರಮ್ಮನ ಕಣ್ಣು ಕೆಂಪಾಗಿ ಊದಿಕೊಂಡವು. ರಾತ್ರಿ ಊಟಕ್ಕೆ ಕೆಳಗೆ ಬರುವುದನ್ನು ಬಿಟ್ಟಳು. ಮೈದುನ ಅಡಿಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ.

"ಅತ್ತಿಗೆ, ನೀವಾದ್ರೂ ಸ್ವಲ್ಪ ಹೇಳಿ ಅವಳಿಗೆ. ಒಂದು ಚೂರು ಮೂಳೆಗೋಸ್ಕರ ಜೀವ ತೇಯ್ತಿದಾಳೆ."

"ಇದ್ದರೆ ಸಿಗತ್ತೆ. ಇಲ್ಲದಿದ್ದರೆ ನಾನೇನು ಮಾಡ್ಲಿ?" ಎಂದು ಅವಳು ತಟ್ಟೆಗೆ ಅನ್ನ ಹಾಕಿದಳು. ಹಾಕುವಾಗ ಒಂದು ಅಗುಳೂ ಚೆಲ್ಲಲಿಲ್ಲ. ಹತ್ತೊಂಬತ್ತು ವರ್ಷ ಪಳಗಿಸಿದ ಕೈ ಅದು.

ಆರನೆಯ ದಿನ ಮಧ್ಯಾಹ್ನ ಡಾಕ್ಟರಮ್ಮ ಬ್ರಶ್ಶು ಕೆಳಗಿಟ್ಟಳು.

"ಅಕ್ಕ, ನಂಗೆ ಕಣ್ಣಿಲ್ಲ. ಓದಿದ್ದು ಬರತ್ತೆ, ಬರೆಯೋದು ಬರತ್ತೆ, ನೋಡೋದು ಬರಲ್ಲ. ನೀವು ಒಂದ್ಸಲ ನೋಡ್ತೀರಾ? ನಿಮ್ಮನ್ನ ಮೊದಲೇ ಕೇಳಬೇಕಿತ್ತು. ಕೇಳೋಕೆ ನಾಚಿಕೆ ಆಯ್ತು."

ಸೂಜಿಯಮ್ಮ ಕಾದಿದ್ದ ಮಾತು ಇದೇ. ಕಿವಿಗೆ ಬಿದ್ದಾಗ ಮಾತ್ರ ಅದರಲ್ಲಿ ಸಿಹಿಯೇ ಇರಲಿಲ್ಲ. ಈಗ ತೆಗೆದು ಕೊಟ್ಟರೆ ಇವಳು ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳುತ್ತಾಳೆ. ಮನೆಯಲ್ಲಿ ಹೇಳುತ್ತಾಳೆ, ಮೈದುನನಿಗೆ ಹೇಳುತ್ತಾಳೆ, ಹತ್ತು ವರ್ಷ ಹೇಳುತ್ತಾಳೆ. ಆ ಥ್ಯಾಂಕ್ಸನ್ನು ಇಟ್ಟುಕೊಳ್ಳಲು ತನ್ನೊಳಗೆ ಜಾಗವೇ ಇಲ್ಲ.

"ನಾಳೆ ನೋಡೋಣ," ಎಂದಳು. "ಇವತ್ತು ಹೋಗು, ಮಲಕ್ಕೋ. ಮುಖ ನೋಡು, ಬಾಡಿದ ಬದನೆಕಾಯಿ ಆಗಿದೆ."

ಡಾಕ್ಟರಮ್ಮ ಹೋದ ಮೇಲೆ, ಮರುದಿನಕ್ಕೆಂದು ಅವಳು ಹರಡಿಟ್ಟಿದ್ದ ತಟ್ಟೆಯ ಬಲಮೂಲೆಯಲ್ಲಿ, ಕಲ್ಲಿನ ಎರಡು ಕಾಳುಗಳ ನಡುವೆ, ಸೂಜಿಯಮ್ಮ ಕ್ಯಾಪ್ಸೂಲು ತೆರೆದು ಚೂರನ್ನು ಇಳಿಸಿದಳು. ಕುರುಡರಿಗೂ ಕಾಣುವ ಹಾಗೆ ಇಟ್ಟಳು. ಅಲ್ಲಿಗೆ ಮುಗಿಯಿತು, ಅವಳದನ್ನು ಅವಳೇ ತೆಗೆದುಕೊಳ್ಳಲಿ ಎಂದುಕೊಂಡಳು.

ಮರುದಿನ, ಇಪ್ಪತ್ತಾರನೇ ತಾರೀಖು ಶುಕ್ರವಾರ, ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರಮ್ಮ ಕಿರುಚಿದಳು.

ಆಮೇಲೆ ಎಲ್ಲವೂ ಗದ್ದಲ. ಮೇಲಿನಿಂದ ನಿರ್ದೇಶಕರು ಇಳಿದು ಬಂದರು, ಕಾವಲಿನವರು ಬಂದರು, ಲೈಬ್ರರಿಯಾಕೆ ಬಂದಳು. ಒಬ್ಬೊಬ್ಬರಾಗಿ ಲೆನ್ಸಿಗೆ ಕಣ್ಣಿಟ್ಟರು. ಚೂರನ್ನು ದವಡೆಯ ಮುರಿದ ಅಂಚಿಗೆ ಹಿಡಿದು ನೋಡಿದಾಗ ಬೀಗಕ್ಕೆ ಕೀಲಿಯಂತೆ ಕೂತಿತು.

"ಕಣ್ಣು ಅಂದ್ರೆ ಡಾಕ್ಟರಮ್ಮನ ಕಣ್ಣು!" ಎಂದರು ನಿರ್ದೇಶಕರು. "ಏಳು ದಿನದ ತಪಸ್ಸು! ನೋಡಿದಿರಾ ಸೂಜಿಯಮ್ಮ, ಕಲೀಬೇಕು ಇವರಿಂದ."

ತಾನೇ ಕೊಟ್ಟದ್ದು, ತಾನೇ ಇಟ್ಟದ್ದು. ಆದರೂ ಕಿತ್ತುಕೊಂಡರು ಎಂದು ಸೂಜಿಯಮ್ಮನಿಗೆ ಅನ್ನಿಸಿತು. ಅದು ನನ್ನದು ಎಂದು ಕೂಗಬೇಕೆನಿಸಿತು. ಸಿಂಕಿನ ಬಳಿ ಹೋಗಿ, ತೊಳೆದಿದ್ದ ಜರಡಿಗಳನ್ನೇ ಮತ್ತೆ ತೊಳೆದಳು.

ಎಲ್ಲರೂ ಮೇಲೆ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಡಾಕ್ಟರಮ್ಮ ಏನೋ ಗುನುಗುತ್ತಾ ಚೂರನ್ನು ಇನ್ನೂ ದೊಡ್ಡದು ಮಾಡಿ ನೋಡುತ್ತಿದ್ದಳು. ಗುನುಗು ನಿಂತಿತು. ದೀಪವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು.

"ಅಕ್ಕ."

"ಹೂಂ."

"ಇದಕ್ಕೆ ಅಂಟು ಹಾಕಿದೆ."

ಸೂಜಿಯಮ್ಮ ನಲ್ಲಿ ನಿಲ್ಲಿಸಿದಳು. ಅಂಟಿನ ನೆನಪೇ ಅವಳಿಗಿರಲಿಲ್ಲ. ಸಿಕ್ಕ ಚೂರಿಗೆ ಅಂಟು ಬಿಡುವುದು ಅವಳಿಗೆ ಕೈ ತೊಳೆದಷ್ಟು ರೂಢಿ.

ಡಾಕ್ಟರಮ್ಮ ಲೆನ್ಸಿನಿಂದ ಕಣ್ಣೆತ್ತಲಿಲ್ಲ. "ಒಂದೇ ಹನಿ. ಎಲ್ಲ ಕಡೆ ಒಂದೇ ಸಮ ಹರಡಿದೆ, ಒಂದು ಗುಳ್ಳೆ ಇಲ್ಲ. ಹೀಗೆ ಹಾಕೋಕೆ ಈ ಕಟ್ಟಡದಲ್ಲಿ ಇನ್ಯಾರಿಗೂ ಬರಲ್ಲ."

ಹೇಳಲು ಸುಳ್ಳು ಸಿದ್ಧವಾಗಿತ್ತು. ಕಲ್ಲಿನಲ್ಲಿರುವಾಗಲೇ ಹನಿ ಬಿದ್ದಿರಬೇಕು ಎಂದರೆ ಸಾಕು. ಯಾರೂ ಅಲ್ಲ ಎನ್ನುವಂತಿರಲಿಲ್ಲ. ಸೂಜಿಯಮ್ಮ ಕೈ ಒರೆಸಿಕೊಳ್ಳುತ್ತಾ ನಿಂತಳು. ಡಾಕ್ಟರಮ್ಮ ಮೇಜಿನ ಗೂಡಿನಿಂದ ಹೊಸ ಕಾರ್ಡು ತೆಗೆದು ಮುಂದಿಟ್ಟುಕೊಂಡಳು. ಮ್ಯೂಸಿಯಂನಲ್ಲಿ ಪ್ರತಿ ಚೂರಿಗೂ ಒಂದು ಕಾರ್ಡು: ಏನು, ಯಾರಿಗೆ ಸಿಕ್ಕಿತು, ಯಾವತ್ತು.

"ಯಾರಿಗೆ ಸಿಕ್ಕಿದ್ದು ಅಂತ ಬರೀಲಿ?"

"ನಂಗೆ," ಎಂದಳು ಸೂಜಿಯಮ್ಮ.

"ಯಾವತ್ತು?"

ಇವತ್ತು ಎನ್ನಬಹುದಿತ್ತು. ಎಂದಿದ್ದರೆ ಹೆಸರು ಅವಳದಾಗುತ್ತಿತ್ತು, ಕಳಂಕ ಯಾರದೂ ಆಗುತ್ತಿರಲಿಲ್ಲ. ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಳು ಹಾಗೇ ಬರೆದುಬಿಡುತ್ತಿದ್ದಳೇನೋ.

"ಒಂಬತ್ತನೇ ತಾರೀಖು. ಫೋಟೋ ತೆಗೆದ ದಿನ."

ಪೆನ್ನು ಕಾರ್ಡಿನ ಮೇಲೆ ಇಳಿಯಲಿಲ್ಲ. ಕಿಟಕಿಯ ಆಚೆ ಯಾರದೋ ಚಪ್ಪಲಿ ಚಟಪಟ ಸದ್ದು ಮಾಡುತ್ತಾ ಹೋಯಿತು.

"ನಾನು ಇಲ್ಲಿ ಎಷ್ಟು ದಿನ ಕೂತಿದ್ದೆ, ಗೊತ್ತಾ?"

"ಇವತ್ತಿಗೆ ಏಳು."

"ಎಣಿಸ್ತಿದ್ರಾ?"

"ಹೂಂ."

"ಯಾಕಕ್ಕ? ನಾನೇನು ಮಾಡಿದ್ದೆ ನಿಮಗೆ?"

"ನೀನೇನೂ ಮಾಡಿಲ್ಲ," ಎಂದಳು ಸೂಜಿಯಮ್ಮ. "ಹೊಟ್ಟೆಕಿಚ್ಚು ಕಣೆ. ಅದಕ್ಕೆ ಬೇರೆ ಹೆಸರಿಲ್ಲ."

ಡಾಕ್ಟರಮ್ಮ ತಲೆ ತಗ್ಗಿಸಿ, ಹೇಳಿದ ಹೆಸರನ್ನೂ ಹೇಳಿದ ತಾರೀಖನ್ನೂ ಬರೆದು, ಪೆನ್ನಿನ ಮುಚ್ಚಳ ಹಾಕಿ, ಮೆಟ್ಟಿಲೇರಿ ಹೋದಳು. ಅಂದು ಸಂಜೆ ಬಸ್ಸಿಗೆ ಹೋಗುವಾಗ ಸೂಜಿಯಮ್ಮನಿಗಾಗಿ ಕಾಯಲಿಲ್ಲ.

ಅವಳು ಯಾರಿಗೂ ಏನೂ ಹೇಳಲಿಲ್ಲ. ಕಾರ್ಡೇ ಹೇಳಿತು. ಸೋಮವಾರ ನಿರ್ದೇಶಕರು ಸೂಜಿಯಮ್ಮನನ್ನು ಕರೆಸಿ, ಕಾರ್ಡನ್ನು ಮುಂದಿಟ್ಟು, ಒಂಬತ್ತು ಎಲ್ಲಿ, ಇಪ್ಪತ್ತಾರು ಎಲ್ಲಿ ಎಂದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಚ್ಚರಿಕೆಯ ಪತ್ರ ಸಿಕ್ಕಿತು. ಡ್ರಾಯರುಗಳ ಕೀಲಿಗೊಂಚಲನ್ನು ಲೈಬ್ರರಿಯಾಕೆಯ ಬಳಿ ಬಿಡಬೇಕು, ಒಂದು ವರ್ಷ ಯಾವ ಹೊಸ ಕಲ್ಲನ್ನೂ ತಾನಾಗಿ ಆರಿಸಿಕೊಳ್ಳುವಂತಿಲ್ಲ. ಅವಳು ಸಹಿ ಹಾಕಿದಳು. ಕೀಲಿ ಕೊಡುವಾಗ ಲೈಬ್ರರಿಯಾಕೆ ಬೇರೆಲ್ಲೋ ನೋಡಿದಳು.

ಅತ್ತೆಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿತ್ತು. ಒಂದೇ ಒಲೆಯ ಮನೆಯಲ್ಲಿ ಇಬ್ಬರು ಸೊಸೆಯರು ಉಪ್ಪಿನ ಡಬ್ಬಿಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ತಳ್ಳಿದರೆ ಹೇಳುವುದಕ್ಕೇನು ಉಳಿದಿರುತ್ತದೆ? "ಹಲ್ಲು ಸಿಕ್ತಂತಲ್ಲ," ಎಂದರು ಒಂದು ದಿನ. "ಸಿಕ್ಕಿದ ಮೇಲೆ ಇಬ್ಬರೂ ಬಾಯಿ ಮುಚ್ಕೊಂಡಿದೀರಿ. ನಿಮ್ಮ ಹಲ್ಲು ಬಿದ್ದವೋ ಏನು ಕತೆ?" ಯಾರೂ ನಗಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಡಾಕ್ಟರಮ್ಮನ ಹುದ್ದೆ ಕಾಯಂ ಆಯಿತು. ಐದು ತಿಂಗಳ ಮೇಲೆ ಪ್ರಬಂಧ ಅಚ್ಚಾಗಿ ಬಂದು, ಒಂದು ಪ್ರತಿ ನೆಲಮಾಳಿಗೆಯ ಮೇಜಿನ ಮೇಲೂ ಕಾಣಿಸಿಕೊಂಡಿತು. ಯಾರು ಇಟ್ಟರೆಂದು ತಿಳಿಯಲಿಲ್ಲ. ಪ್ರಾಣಿಗೆ ಡಾಕ್ಟರಮ್ಮ ಉಳಿಹಲ್ಲು ಎಂಬ ಅರ್ಥದ ಉದ್ದನೆಯ ಹೆಸರು ಇಟ್ಟಿದ್ದಳು. ಪ್ರಬಂಧದ ಇಂಗ್ಲಿಷ್ ಅರ್ಥವಾಗದಿದ್ದರೂ ಸೂಜಿಯಮ್ಮ ಬೆರಳಿಟ್ಟು ಸಾಲು ಸಾಲು ಹುಡುಕಿ, ನಾಲ್ಕನೆಯ ಪುಟದಲ್ಲಿ ತನ್ನ ಪೂರ್ತಿ ಹೆಸರನ್ನು ಕಂಡಳು. ಪಕ್ಕದಲ್ಲಿ ತಾರೀಖು, ಒಂಬತ್ತು. ಅಕ್ಷರ ಸಣ್ಣವು. ಮೊದಲ ಪುಟದ ನೆತ್ತಿಯ ಮೇಲಿದ್ದ ಡಾಕ್ಟರಮ್ಮನ ಹೆಸರಿನ ಅಕ್ಷರ ದಪ್ಪ. ಎರಡನ್ನೂ ಮತ್ತೆ ಮತ್ತೆ ತಿರುವಿ ನೋಡಿದಳು. ಕಿಚ್ಚು ಆರಿರಲಿಲ್ಲ. ಬೂದಿಯ ಕೆಳಗೆ ಸಣ್ಣಗೆ ಇತ್ತು, ಬಹುಶಃ ಮುಂದೆಯೂ ಇರುತ್ತದೆ. ಅವಳು ಪ್ರತಿಯನ್ನು ತನ್ನ ಮೇಜಿನ ಡ್ರಾಯರಿಗೆ ಹಾಕಿ ಕೆಲಸಕ್ಕೆ ಕೂತಳು.

ಅಷ್ಟು ದಿನವೂ ಡಾಕ್ಟರಮ್ಮ ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. "ಇದು ಸೋಮವಾರಕ್ಕೆ ಬೇಕು." "ಅದು ಆಯ್ತಾ?" ಅಕ್ಕ ಎಂಬ ಶಬ್ದವನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದು ಗೋಡೆ ಹಿಡಿದು ನಿಂತಳು. ಒಂದು ಕಣ್ಣು ಮುಚ್ಚಿತ್ತು, ಅದರಿಂದ ನೀರು ಸುರಿಯುತ್ತಿತ್ತು.

"ಮೇಲಿನ ಪೆಟ್ಟಿಗೆ ತೆಗೀತಿದ್ದೆ. ಏನೋ ಬಿತ್ತು. ತೊಳೆದೆ, ಹೋಗ್ತಿಲ್ಲ," ಎಂದಳು. ಸ್ವಲ್ಪ ತಡೆದು, "ಅಕ್ಕ," ಎಂದಳು.

ಸೂಜಿಯಮ್ಮ ಎದ್ದು ಕೈ ತೊಳೆದುಕೊಂಡಳು. ಅವಳನ್ನು ಕಿಟಕಿಯ ಕಡೆಗೆ ತಿರುಗಿಸಿ, ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದಳು. "ಉಜ್ಜಬೇಡ. ಮೇಲೆ ನೋಡು." ಹೆಬ್ಬೆರಳಿಂದ ರೆಪ್ಪೆಯನ್ನು ಮೆಲ್ಲಗೆ ಮಡಚಿ, ಒಗೆದ ಕರವಸ್ತ್ರದ ಮೂಲೆಯನ್ನು ಮೊನೆಯಾಗಿ ಹೊಸೆದುಕೊಂಡಳು. ಇಬ್ಬರ ಉಸಿರೂ ಇಬ್ಬರಿಗೂ ಕೇಳುತ್ತಿತ್ತು. ಬಟ್ಟೆಯ ತುದಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಡಾಕ್ಟರಮ್ಮ ಕಣ್ಣು ಮಿಟುಕಿಸಲಿಲ್ಲ.

"ಬಂತಾ?"

"ಇರು," ಎಂದು ಸೂಜಿಯಮ್ಮ ಕರವಸ್ತ್ರವನ್ನು ಬೆಳಕಿಗೆ ಹಿಡಿದಳು. ಕಲ್ಲಿನ ಕಣವಲ್ಲ. ಬಿಳಿಯ ಬಟ್ಟೆಯ ಮೇಲೆ ಒದ್ದೆಯಾದ, ಬಾಗಿದ, ಒಂದು ರೆಪ್ಪೆಗೂದಲು.